ಎರಡನೆಯ ಆಲ್ಬಂ ಎಂಬ ಹೊಸ್ತಿಲು

ನಮ್ಮ ಕೇಳುಗರ ಬಾಯಿಂದ ಅತ್ಯಂತ ಸುಲಭವಾಗಿ ಹೊರಬೀಳುವ ತೀರ್ಪು ಒಂದಿದೆ: ‘ಮೊದಲಿನದೇ ಚೆನ್ನಾಗಿತ್ತು’. ಕವಿಯ ಎರಡನೆಯ ಸಂಕಲನ ಬಂದಾಗ, ನಿರ್ದೇಶಕನ ಎರಡನೆಯ ಚಿತ್ರ ತೆರೆ ಕಂಡಾಗ, ಕಡೆಗೆ ಹೆಸರುವಾಸಿ ದರ್ಶಿನಿಯೊಂದು ಪಕ್ಕದ ಬಡಾವಣೆಯಲ್ಲಿ ಶಾಖೆ ತೆರೆದಾಗಲೂ ಈ ಮಾತು ಕೇಳಿಬರುತ್ತದೆ. ಹೇಳಿದವರಿಗೆ ವಿವರಿಸುವ ಹೊಣೆಯಿಲ್ಲ. ಕೇಳಿದವರಿಗೆ ಅಲ್ಲಗಳೆಯುವ ದಾರಿಯಿಲ್ಲ. ಅವರವರ ಅಭಿರುಚಿ ಎಂದುಕೊಂಡು ಇಬ್ಬರೂ ಕಾಫಿ ಮುಗಿಸಿ ಏಳುತ್ತಾರೆ. ಆದರೆ ಸಿನಿಮಾದ ಹೊರಗೆ ನಿಂತು ಹಾಡು ಕಟ್ಟುವ ನಮ್ಮ ರಾಕ್ ತಂಡಗಳ ಮಟ್ಟಿಗೆ ಈ ಮಾತು ಅಷ್ಟು ನಿರುಪದ್ರವಿಯಲ್ಲ. ಅವುಗಳ ಬಾಳು ಬಹುಮಟ್ಟಿಗೆ ತೀರ್ಮಾನವಾಗುವುದು ಎರಡನೆಯ ಆಲ್ಬಂನ ಹೊಸ್ತಿಲಲ್ಲಿ. ಆ ಹೊಸ್ತಿಲಲ್ಲಿ ಕಾವಲು ನಿಂತವರು ಕೇಳುಗರಾದ ನಾವು.

ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಉದಾಹರಣೆಯನ್ನೇ ನೋಡೋಣ. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿ ವಿಜ್ಞಾನ ಓದಿದ, ಭರತನಾಟ್ಯ ಕಲಿತ ಈ ಗಾಯಕ ‘ಅಂತರಾಗ್ನಿ’ ಎಂಬ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ವೇದಿಕೆಯಿಂದ ವೇದಿಕೆಗೆ ಅಲೆದವರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ಜೋಳಿಗೆಗೆ ಹಾಕಿಕೊಂಡ ಈ ಹಾಡುಗಳನ್ನು ಯಾವ ಕಪಾಟಿನಲ್ಲಿಟ್ಟು ಮಾರಬೇಕೆಂಬುದು ಧ್ವನಿಮುದ್ರಣದ ವ್ಯಾಪಾರಿಗಳಿಗೆ ತಿಳಿಯುವಂತಿರಲಿಲ್ಲ. ಕೊನೆಗೆ ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್ ತಮ್ಮದೇ ಸಂಸ್ಥೆಯ ಮೂಲಕ 2008ರಲ್ಲಿ ಮೊದಲ ಆಲ್ಬಂ ಹೊರತಂದರು. ಶಿಶುನಾಳ ಷರೀಫರ ‘ಗುಡುಗುಡಿಯಾ ಸೇದಿ ನೋಡೋ’ ಗಿಟಾರು, ಪಿಟೀಲುಗಳ ಜತೆಗೂಡಿ ಕಾಲೇಜು ಹುಡುಗರ ನಾಲಗೆಗೆ ಬಂದದ್ದು ಆಗ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಈ ಗಾಯಕನ ಹಿಂದೆ ಕನ್ನಡದ ತತ್ವಪದವೂ ಸಮುದ್ರ ದಾಟಿತು. ಎರಡನೆಯ ಆಲ್ಬಂ ‘ಜಗ್ ಚಂಗಾ’ ಬಂದದ್ದು 2013ರ ಕೊನೆಗೆ. ನಡುವೆ ಐದು ವರ್ಷಗಳ ಅಂತರ.

ಈ ಎರಡು ಆಲ್ಬಂಗಳ ಬಗ್ಗೆ ನಾನು ಕೇಳಿಸಿಕೊಂಡ ವಾದಗಳನ್ನು ಎರಡು ಪಕ್ಷವಾಗಿ ವಿಂಗಡಿಸಬಹುದು. ಮೊದಲ ಪಕ್ಷದವರ ಪ್ರಕಾರ 2008ರ ಹಾಡುಗಳಲ್ಲಿ ಒಂದು ಹಸಿತನವಿತ್ತು. ದನಿ ತುಸು ಒರಟಾಗಿದ್ದರೂ ಅದು ಎದುರಿಗೆ ಕುಳಿತು ಹಾಡುತ್ತಿರುವವನ ದನಿಯಾಗಿತ್ತು. ಎರಡನೆಯದರಲ್ಲಿ ಎಲ್ಲವೂ ಒಪ್ಪ ಓರಣವಾಗಿ ದೇಶವಿದೇಶದ ಉತ್ಸವಗಳಿಗೆ ಹೊಂದುವಂತಾಗಿದೆ, ಆದರೆ ಹಾಡುವವನು ದೂರ ಸರಿದಿದ್ದಾನೆ ಎಂಬುದು ಅವರ ದೂರು. ಎರಡನೆಯ ಪಕ್ಷದವರು ಹೇಳುವುದು ಬೇರೆ. ಮೊದಲ ಆಲ್ಬಂನ ಹಾಡುಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಎರಡನೆಯದರಲ್ಲಿ ವಾದ್ಯಗಳ ನಡುವೆ ಮಾತುಕತೆಯಿದೆ, ಷರೀಫರ ಪದಗಳಿಗೆ ಹೆಚ್ಚು ಜಾಗವಿದೆ, ಹಾಡುಗಾರ ಬಲಿತಿದ್ದಾನೆ. ಎರಡು ಕಡೆಗೂ ನ್ಯಾಯವಿದೆ. ಆದರೆ ಮೊದಲ ಪಕ್ಷದವರ ಸಂಖ್ಯೆಯೇ ಹೆಚ್ಚು. ಅವರಲ್ಲಿ ಬಹುಪಾಲು ಮಂದಿ ಎರಡನೆಯ ಆಲ್ಬಂ ಅನ್ನು ಪೂರ್ತಿ ಕೇಳಿರಲಿಲ್ಲ ಎಂಬುದು ಮಾತು ಬೆಳೆದಂತೆ ಗೊತ್ತಾಗುತ್ತಿತ್ತು.

ಬೆಂಗಳೂರಿನ ಇನ್ನೊಂದು ತಂಡವಾದ ಸ್ವರಾತ್ಮದ ಪಾಡೂ ಹೀಗೆಯೇ. ರಘು ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿರುವ ಈ ತಂಡದ ಮೊದಲ ಆಲ್ಬಂ 2009ರಲ್ಲೂ ಎರಡನೆಯದಾದ ‘ಟೋಪಿವಾಲೆ’ 2012ರಲ್ಲೂ ಬಂದವು. ಮೊದಲಿನದರಲ್ಲಿ ಜನಪದದ ಕುಣಿತ ಮುಂದಿತ್ತು. ಎರಡನೆಯದರಲ್ಲಿ ಟೋಪಿ ಹಾಕುವ ರಾಜಕಾರಣಿಗಳ ಮೇಲಿನ ವ್ಯಂಗ್ಯ ಮುಂದೆ ಬಂತು. 2011ರಲ್ಲಿ ದೇಶದಾದ್ಯಂತ ಭ್ರಷ್ಟಾಚಾರದ ವಿರುದ್ಧ ಎದ್ದ ಸಿಟ್ಟು ನೆನಪಿರುವವರಿಗೆ ಆ ಹಾಡಿನ ದನಿ ಎಲ್ಲಿಂದ ಬಂತೆಂದು ವಿವರಿಸಬೇಕಿಲ್ಲ. ಆದರೂ ಕುಣಿಸುವ ಹಾಡುಗಳನ್ನು ನಿರೀಕ್ಷಿಸಿ ಬಂದ ಕೇಳುಗರಲ್ಲಿ ಕೆಲವರು ಗೊಣಗಿದರು. ಬದಲಾದರೆ ‘ದಾರಿ ತಪ್ಪಿದರು’ ಎನ್ನುತ್ತೇವೆ; ಬದಲಾಗದಿದ್ದರೆ ‘ಅದನ್ನೇ ತಿರುಗಿಸಿ ಹಾಡಿದರು’ ಎನ್ನುತ್ತೇವೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ಯಾವ ತಂಡಕ್ಕೂ ಸುಲಭವಲ್ಲ.

ಎರಡನೆಯದು ಸೋತಂತೆ ಕಾಣಲು ಕಾರಣಗಳೇನು? ಎಲ್ಲರಿಗೂ ತಿಳಿದಿರುವ ಕಾರಣ ಕಾಲದ್ದು. ಮೊದಲ ಆಲ್ಬಂ ಬರೆಯಲು ಅಲ್ಲಿಯವರೆಗಿನ ಇಡೀ ಆಯುಷ್ಯ ಸಿಗುತ್ತದೆ, ಎರಡನೆಯದಕ್ಕೆ ಕೆಲವು ತಿಂಗಳು ಮಾತ್ರ ಎಂಬುದು ಪಾಶ್ಚಾತ್ಯ ಸಂಗೀತ ವಲಯದ ಹಳೆಯ ಮಾತು. ಹತ್ತು ವರ್ಷ ವೇದಿಕೆಯ ಮೇಲೆ ಸವೆದು, ಕೇಳುಗರ ಮುಖ ನೋಡಿ ತಿದ್ದಿಕೊಂಡು, ಕೆಟ್ಟದ್ದನ್ನೆಲ್ಲ ಉದುರಿಸಿಕೊಂಡು ಉಳಿದ ಎಂಟೊಂಬತ್ತು ಹಾಡುಗಳು ಮೊದಲ ಆಲ್ಬಂ ಸೇರುತ್ತವೆ. ಎರಡನೆಯದರ ಹಾಡುಗಳಿಗೆ ಆ ಜರಡಿ ಇರುವುದಿಲ್ಲ. ಇಲ್ಲಿ ಐದು ವರ್ಷ ಸಿಕ್ಕಿತಲ್ಲ ಎನ್ನಬಹುದು. ಸಿಕ್ಕಿದ್ದು ನಿಜ, ಆದರೆ ಆ ಐದು ವರ್ಷಗಳು ಹೋದದ್ದು ಮೊದಲ ಆಲ್ಬಂನ ಹಾಡುಗಳನ್ನೇ ಊರಿಂದೂರಿಗೆ ಹಾಡುವುದರಲ್ಲಿ, ಮತ್ತು ‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ಯಂಥ ಚಿತ್ರಗಳಿಗೆ ಸಂಗೀತ ಕೊಡುವುದರಲ್ಲಿ. ಗೆದ್ದ ಮೊದಲ ಆಲ್ಬಂ ತನ್ನ ತಮ್ಮನ ಪಾಲಿನ ಹಾಲನ್ನೂ ತಾನೇ ಕುಡಿಯುತ್ತದೆ.

ಎರಡನೆಯ ಕಾರಣ ಅಷ್ಟಾಗಿ ಯಾರ ಗಮನಕ್ಕೂ ಬಾರದ್ದು. ಯಾವ ತಂಡದ ಎರಡನೆಯ ಆಲ್ಬಂ ಬಗ್ಗೆ ನಾವು ಚರ್ಚಿಸುತ್ತೇವೆ? ಮೊದಲನೆಯದು ಅಸಾಧಾರಣವಾಗಿ ಗೆದ್ದ ತಂಡದ್ದನ್ನು. ಸೋತವರ ಎರಡನೆಯ ಆಲ್ಬಂ ಹೊರಬರುವುದೇ ಅಪರೂಪ, ಬಂದರೂ ಕೇಳುವವರಿಲ್ಲ. ಅಸಾಧಾರಣ ಗೆಲುವಿನಲ್ಲಿ ಪ್ರತಿಭೆಯ ಜತೆಗೆ ಸಮಯ, ಸಂದರ್ಭ, ಅದೃಷ್ಟಗಳೂ ಕೂಡಿಬಂದಿರುತ್ತವೆ. ಅವೆಲ್ಲ ಮತ್ತೊಮ್ಮೆ ಅದೇ ಪ್ರಮಾಣದಲ್ಲಿ ಕೂಡಿಬರುವ ಸಂಭವ ಕಡಿಮೆ. ಆದ್ದರಿಂದ ಯಾರೂ ಏನೂ ತಪ್ಪು ಮಾಡದಿದ್ದರೂ ಎರಡನೆಯದು ಒಂದು ಮೆಟ್ಟಿಲು ಕೆಳಗೆ ಕಾಣುವ ಸಾಧ್ಯತೆಯೇ ಹೆಚ್ಚು.

ಕ್ರಿಕೆಟ್ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. 1933ರಲ್ಲಿ ಲಾಲಾ ಅಮರನಾಥ್ ತಮ್ಮ ಮೊದಲ ಟೆಸ್ಟಿನಲ್ಲಿ ಶತಕ ಹೊಡೆದರು. ಅವರ ನಂತರ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್ ಕೂಡ ಮೊದಲ ಟೆಸ್ಟಿನಲ್ಲೇ ಶತಕ ಗಳಿಸಿದರು. ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ಒಲಿಯಲಿಲ್ಲ. ಮೊದಲ ಶತಕವೆಂದರೆ ಶಾಪ ಎಂಬ ಮಾತೇ ಹುಟ್ಟಿಕೊಂಡಿತು. ಅದನ್ನು ಮುರಿದವರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಅವರ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಗಳಿಸಿದ್ದು ಸೊನ್ನೆ, ಎರಡನೆಯದರಲ್ಲಿ 137. ಮುಂದೆ ಅವರ ಟೆಸ್ಟ್ ಶತಕಗಳ ಸಂಖ್ಯೆ 14ಕ್ಕೆ ಏರಿತು. ಸೊನ್ನೆಗೆ ಔಟಾದವನಿಗೆ ಎರಡನೆಯ ಇನಿಂಗ್ಸ್ ಕೊಡುವುದು ಕ್ರಿಕೆಟ್ಟಿನ ನಿಯಮ. ಸಂಗೀತದಲ್ಲಿ ಅಂಥ ನಿಯಮವಿಲ್ಲ; ಕೇಳುಗರ ಔದಾರ್ಯವೇ ಅಲ್ಲಿ ನಿಯಮ.

ಮೂರನೆಯ ಕಾರಣ ನಮ್ಮೊಳಗಿದೆ. 2008ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ 2013ರ ಹೊತ್ತಿಗೆ ಉದ್ಯೋಗ, ಮದುವೆ, ಮನೆಸಾಲಗಳು ಬಂದಿದ್ದವು. ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ಸೇರಿ ಕೇಳಿದ ಹಾಡಿಗೂ, ಸಿಲ್ಕ್ ಬೋರ್ಡಿನ ವಾಹನದಟ್ಟಣೆಯಲ್ಲಿ ಒಬ್ಬರೇ ಕೇಳಿದ ಹಾಡಿಗೂ ಸಮಾನ ತೂಕ ಸಿಗುವುದಿಲ್ಲ. ಮೊದಲ ಆಲ್ಬಂ ಚೆನ್ನಾಗಿತ್ತು ಎನ್ನುವಾಗ ಅದನ್ನು ಕೇಳುತ್ತಿದ್ದ ನಾವೂ ಚೆನ್ನಾಗಿದ್ದೆವು ಎಂಬ ನಿಟ್ಟುಸಿರು ಅದರೊಳಗೆ ಸೇರಿರುತ್ತದೆ. ಅದು ಸಹಜ, ಆದರೆ ಆ ನಿಟ್ಟುಸಿರಿನ ದಂಡವನ್ನು ತಂಡ ತೆರಬೇಕೆನ್ನುವುದು ಸರಿಯಲ್ಲ.

ನಾಲ್ಕನೆಯದು ಮಾಧ್ಯಮದ ಪಲ್ಲಟ. ಮೊದಲ ಆಲ್ಬಂ ಸಿ.ಡಿ. ರೂಪದಲ್ಲಿ ಅಂಗಡಿಯಿಂದ ಮನೆಗೆ ಬಂತು. ಕೊಟ್ಟ ಹಣದ ಮುಲಾಜಿಗಾದರೂ ನಾಲ್ಕು ಸಲ ಕೇಳಿದೆವು. ‘ಜಗ್ ಚಂಗಾ’ ಬಂದ 2013ರಲ್ಲೇ ಕೋಲ್ಕತ್ತದ ಪಾರ್ಕ್ ಸ್ಟ್ರೀಟ್‌ನಲ್ಲಿದ್ದ ಹೆಸರಾಂತ ಮ್ಯೂಸಿಕ್ ವರ್ಲ್ಡ್ ಮಳಿಗೆ ಬಾಗಿಲು ಹಾಕಿತು. ನಮ್ಮ ಊರುಗಳ ಕ್ಯಾಸೆಟ್ ಅಂಗಡಿಗಳು ಆಗಲೇ ಮೊಬೈಲ್ ಅಂಗಡಿಗಳಾಗಿದ್ದವು. ಈಗ ಹಾಡುಗಳು ಫೋನಿನ ಆಪ್‌ಗಳಿಗೆ ಬಂದು ಕೂತಿವೆ. ತಂಡದ ಹೆಸರು ಒತ್ತಿದರೆ ಅತಿ ಹೆಚ್ಚು ಸಲ ಕೇಳಿದ ಹಾಡುಗಳು ಮೇಲೆ ಕಾಣುತ್ತವೆ. ಮೇಲಿರುವುದರಿಂದ ಅವನ್ನೇ ಒತ್ತುತ್ತೇವೆ. ಒತ್ತಿದ್ದರಿಂದ ಅವು ಮೇಲೆಯೇ ಉಳಿಯುತ್ತವೆ. ಮೊದಲು ಹುಟ್ಟಿದ ಹಾಡಿಗೆ ಹೀಗೆ ಖಾಯಂ ಪಟ್ಟ ಸಿಗುತ್ತದೆ. ಎರಡನೆಯ ಆಲ್ಬಂನ ಐದನೆಯ ಹಾಡನ್ನು ಹುಡುಕಿ ಕೇಳುವುದು ಇಂದು ಪ್ರಯತ್ನಪೂರ್ವಕವಾಗಿ ಮಾಡಬೇಕಾದ ಕೆಲಸ.

ಈ ಸಂಕಟ ನಮಗೆ ಮಾತ್ರ ಬಂದದ್ದಲ್ಲ. ಇಂಗ್ಲೆಂಡಿನ ಸ್ಟೋನ್ ರೋಸಸ್ ತಂಡ 1989ರ ತನ್ನ ಮೊದಲ ಆಲ್ಬಂನಿಂದ ಒಂದು ತಲೆಮಾರಿನ ಆರಾಧ್ಯ ದೈವವಾಯಿತು. ಎರಡನೆಯದು ಬರುವ ಹೊತ್ತಿಗೆ 1994 ಮುಗಿಯುತ್ತ ಬಂದಿತ್ತು, ಅಷ್ಟು ಕಾದವರಿಗೆ ಅದು ಹಿಡಿಸಲಿಲ್ಲ. ಅಮೆರಿಕದ ನಿರ್ವಾಣ ತಂಡದ ಕತೆ ಇದಕ್ಕೆ ತಿರುಗುಮುರುಗು. 1989ರ ಮೊದಲ ಆಲ್ಬಂ ಕೇಳಿದವರು ಕೆಲವರೇ. 1991ರ ಎರಡನೆಯ ಆಲ್ಬಂ ‘ನೆವರ್‌ಮೈಂಡ್’ ಜಗತ್ತಿನ ರಾಕ್ ಸಂಗೀತದ ದಿಕ್ಕನ್ನೇ ಬದಲಿಸಿತು. ದೆಹಲಿಯ ಇಂಡಿಯನ್ ಓಷನ್ ತಂಡ 1993ರಲ್ಲಿ ಮೊದಲ ಆಲ್ಬಂ ತಂದರೂ ಮನೆಮಾತಾದದ್ದು 2000ದ ‘ಕಂದೀಸಾ’ದಿಂದ. ಮೊದಲನೆಯದನ್ನೇ ಅಳತೆಗೋಲು ಮಾಡಿಕೊಂಡು ಕೇಳುಗರು ಎದ್ದು ಹೋಗಿದ್ದರೆ ಈ ಎರಡು ಕತೆಗಳು ಹೀಗೆ ಮುಗಿಯುತ್ತಿರಲಿಲ್ಲ.

ಸಾಹಿತ್ಯದಲ್ಲಿ ನಾವು ಹೆಚ್ಚು ತಾಳ್ಮೆಯವರು. ಕುವೆಂಪು ‘ಕಾನೂರು ಹೆಗ್ಗಡಿತಿ’ ಬರೆದದ್ದು 1936ರಲ್ಲಿ, ಎರಡನೆಯ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಮೂವತ್ತೊಂದು ವರ್ಷ ಕಾದ ಓದುಗರು ಎರಡನೆಯದನ್ನು ಮೊದಲನೆಯದರ ನಕಲೆಂದು ಕರೆಯಲಿಲ್ಲ. ಎರಡನ್ನೂ ಎದುರಿಗಿಟ್ಟುಕೊಂಡು ಲೇಖಕನ ಕಣ್ಣು ಎಲ್ಲಿಂದ ಎಲ್ಲಿಗೆ ಹೊರಳಿತು ಎಂದು ವಿಚಾರ ಮಾಡಿದರು. ಇಂದಿಗೂ ಯಾವುದು ದೊಡ್ಡದು ಎಂಬ ಜಗಳ ಮುಗಿದಿಲ್ಲ. ಆ ಜಗಳದಿಂದ ಎರಡೂ ಕಾದಂಬರಿಗಳಿಗೆ ಲಾಭವೇ ಆಗಿದೆ, ಏಕೆಂದರೆ ಜಗಳವಾಡುವವರು ಎರಡನ್ನೂ ಓದಿದ್ದಾರೆ. ಹಾಡಿನ ವಿಷಯದಲ್ಲಿ ಈ ಸೌಜನ್ಯವನ್ನು ನಾವು ಏಕೆ ತೋರುವುದಿಲ್ಲ? ಹಾಡೆಂದರೆ ಕೆಲಸದ ಹಿನ್ನೆಲೆಯಲ್ಲಿ ತಾನಾಗಿ ಹರಿಯುವ ಸದ್ದು, ಅದಕ್ಕೆ ಗಮನದ ಬೆಲೆ ತೆರಬೇಕಿಲ್ಲ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು.

ಇನ್ನೊಂದು ಮಾತು. ಮೊದಲನೆಯದು ಎಂದು ನಾವು ಕರೆಯುವುದಾದರೂ ಎಷ್ಟರ ಮಟ್ಟಿಗೆ ಮೊದಲನೆಯದು? ಶಿಶುನಾಳ ಷರೀಫರ ಕಾಲ 1819ರಿಂದ 1889. ಅವರ ಪದಗಳು ಅಚ್ಚಾಗುವ ಮೊದಲು ಏಕತಾರಿ, ದಮ್ಮಡಿ, ತಾಳಗಳ ಜತೆ ಭಜನಾ ಮೇಳಗಳ ಬಾಯಲ್ಲಿದ್ದವು. ಬೆಂಗಳೂರು, ಮೈಸೂರಿನ ಮಧ್ಯಮ ವರ್ಗ ಅವನ್ನು ಕೇಳಿದ್ದು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರ ದನಿಯಲ್ಲಿ, ಕ್ಯಾಸೆಟ್ಟಿನ ಮೂಲಕ. 1978ರಲ್ಲಿ ಮೈಸೂರು ಅನಂತಸ್ವಾಮಿ ನಿಸಾರ್ ಅಹಮದರ ಕವಿತೆಗಳನ್ನು ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ತಂದಾಗ ತೆರೆದ ಬಾಗಿಲು ಅದು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದಾಗ ಅಶ್ವತ್ಥರ ಮಟ್ಟುಗಳೇ ಷರೀಫರ ಮಟ್ಟುಗಳೆಂದು ನಗರದ ಕಿವಿ ಒಪ್ಪಿಕೊಂಡಿತು. ಭಜನಾ ಮೇಳದವರ ಲೆಕ್ಕದಲ್ಲಿ ಅಶ್ವತ್ಥರದೇ ಎರಡನೆಯ ಆಲ್ಬಂ. ರಘು ದೀಕ್ಷಿತರ 2008ರದು ಮೂರನೆಯದೋ ನಾಲ್ಕನೆಯದೋ. ‘ಜಗ್ ಚಂಗಾ’ದಲ್ಲಿ ‘ಕೋಡಗನ ಕೋಳಿ ನುಂಗಿತ್ತಾ’ ಹಾಡಿದ ತಂಡ ತನ್ನದೇ ಮೊದಲ ಆಲ್ಬಂ ಜತೆಗೂ, ಅಶ್ವತ್ಥರ ನೆನಪಿನ ಜತೆಗೂ ಒಟ್ಟಿಗೇ ಸೆಣಸಬೇಕಾಯಿತು.

ಭಜನಾ ಮೇಳದವರ ಅಭಿಪ್ರಾಯವನ್ನು ಈ ಚರ್ಚೆಯಲ್ಲಿ ಯಾರೂ ಕೇಳಿದಂತಿಲ್ಲ. ನನಗೆ ಅದನ್ನು ಕೇಳುವ ಅವಕಾಶ ಸಿಕ್ಕಿದ್ದು ಕಮತಗಿಯಲ್ಲಿ. ಬಾಗಲಕೋಟೆಯಿಂದ ಅಮೀನಗಡ, ಹುನಗುಂದ, ಇಳಕಲ್ಲಿನತ್ತ ಹೋಗುವ ಹಾದಿಯಲ್ಲಿ ಸಿಗುವ, ಹುಚ್ಚೇಶ್ವರ ಮಠದಿಂದಲೂ ಇಳಕಲ್ ಸೀರೆಯ ಮಗ್ಗಗಳಿಂದಲೂ ಹೆಸರಾದ ಊರು ಅದು. ಶ್ರಾವಣದ ಒಂದು ಸಂಜೆ, ಪರಿಚಯದ ನೇಕಾರ ಕುಟುಂಬದ ಕಟ್ಟೆಯ ಮೇಲೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಆ ಮನೆಯ ಹುಡುಗ ತನ್ನ ಫೋನಿನಿಂದ ಎರಡೂ ಆಲ್ಬಂಗಳ ಷರೀಫರ ಪದಗಳನ್ನು ಒಂದಾದ ಮೇಲೊಂದರಂತೆ ಹಾಕಿದ. ಕೇಳುತ್ತ ಕೂತ ಹಿರಿಯರೊಬ್ಬರು ನಲವತ್ತು ವರ್ಷಗಳಿಂದ ಭಜನೆಯಲ್ಲಿ ತಾಳ ಹಿಡಿದವರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಗುಡುಗುಡಿಯ ಪದಕ್ಕೆ ಅವರು ತಲೆದೂಗಿದರು. ಕೋಡಗನ ಕೋಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓಟ ಛಲೋ ಐತಿ. ಆದ್ರ ನಾವು ಸೊಲ್ಲು ಎತ್ತಿಕೊಳ್ಳಾಕ ಜಾಗಾನ ಬಿಟ್ಟಿಲ್ಲಲ್ಲ’ ಎಂದರು. ಭಜನೆಯಲ್ಲಿ ಮುಂದಾಳು ಒಂದು ಸೊಲ್ಲು ಹೇಳುತ್ತಾನೆ, ಮೇಳ ಅದನ್ನು ಎತ್ತಿಕೊಂಡು ತಿರುಗಿಸಿ ಹೇಳುತ್ತದೆ. ಆ ಎತ್ತಿಕೊಳ್ಳುವ ಗಳಿಗೆಯಲ್ಲಿ ಹಾಡು ಊರಿನದಾಗುತ್ತದೆ. ಆ ಬಿಡುವು ವಾದ್ಯಗಳಿಂದ ತುಂಬಿಹೋಗಿದೆ ಎಂಬುದು ಅವರ ಆಕ್ಷೇಪ. ಇನ್ನು ಅದೇ ಆಲ್ಬಂನ ‘ಲೋಕದ ಕಾಳಜಿ’ ಶುರುವಾದಾಗ ಎರಡನೆಯ ಸುತ್ತಿಗೆ ಅವರು ತಾವೇ ದನಿಗೂಡಿಸಿದರು. ‘ಇದರಾಗ ಜಾಗಾ ಐತಿ ನೋಡ್ರಿ’ ಎಂದರು. ಬೆಂಗಳೂರಿನ ಕಛೇರಿಗಳಲ್ಲಿ ಸಭಿಕರು ಎದ್ದು ನಿಂತು ಜತೆಗೂಡಿ ಹಾಡುವುದೂ ಇದೇ ಹಾಡನ್ನು. ಸಭಿಕರಿಗೆ ಭಜನೆಯ ಸೊಲ್ಲಿನ ಲೆಕ್ಕ ತಿಳಿಯದು; ಆದರೆ ಎಲ್ಲಿ ತಮಗೆ ಜಾಗವಿದೆ ಎಂಬುದು ಅವರ ಗಂಟಲಿಗೆ ತಿಳಿದಿದೆ.

ಎರಡು ಆಲ್ಬಂಗಳ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು. ಮೊದಲಿನದು ಮೇಲು, ಎರಡನೆಯದು ಕೀಳು ಎಂಬ ಅಂಕಪಟ್ಟಿ ಇಲ್ಲಿಲ್ಲ. ಒಂದೇ ಆಲ್ಬಂನ ಎರಡು ಹಾಡುಗಳಲ್ಲಿ ಒಂದು ಏಕೆ ಕೈ ಹಿಡಿಯುತ್ತದೆ, ಇನ್ನೊಂದು ಏಕೆ ಕೈ ಬಿಡುತ್ತದೆ ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ನಗರದ ಕೇಳುಗರು ‘ಹಸಿತನ ಹೋಯಿತು’ ಎಂದು ಗೊಣಗುವಾಗ ಬಹುಶಃ ಹೇಳಲು ಹೊರಟದ್ದೂ ಇದನ್ನೇ: ಹಾಡು ಕಿಕ್ಕಿರಿದಿದೆ, ನಾವು ಒಳಗೆ ಬರಲು ಬಾಗಿಲಿಲ್ಲ ಎಂಬುದನ್ನು. ಆದರೆ ಹಸಿತನ ಎಂಬ ಮಾತಿನಿಂದ ಸಂಗೀತಗಾರ ಕಲಿಯಬಹುದಾದದ್ದು ಏನೂ ಇಲ್ಲ. ಹೋದ ಹಸಿತನವನ್ನು ಯಾರೂ ಮರಳಿ ತರಲಾರರು. ಸೊಲ್ಲಿಗೆ ಜಾಗ ಬಿಡಿ ಎಂಬ ಮಾತನ್ನು ಮುಂದಿನ ಹಾಡಿನಲ್ಲೇ ಪಾಲಿಸಬಹುದು. ಅಭಿಪ್ರಾಯಕ್ಕೂ ಹಳಹಳಿಕೆಗೂ ಇರುವ ವ್ಯತ್ಯಾಸ ಇಷ್ಟೇ.

ಕಮತಗಿಯ ಮಗ್ಗದಲ್ಲಿ ಕಂಡ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಪ್ರತ್ಯೇಕವಾಗಿ ಅಣಿಮಾಡಿಕೊಂಡು ಎಳೆಗೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಜೋಡಣೆಯಿಂದಲೇ ಅದಕ್ಕೆ ತೋಪು ತೆನೆ ಸೆರಗಿನ ಸೀರೆ ಎಂಬ ಖ್ಯಾತಿ. ಸೆರಗು ಮೈಯಂತಿಲ್ಲ ಎಂದು ಸೀರೆ ಕೊಳ್ಳುವ ಯಾವ ಹೆಣ್ಣುಮಗಳೂ ದೂರುವುದಿಲ್ಲ. ಕೊಂಡಿ ಗಟ್ಟಿಯಾಗಿದೆಯೇ, ಎಳೆ ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಎರಡನೆಯ ಆಲ್ಬಂ ಅನ್ನೂ ಹೀಗೆ ನೋಡಬಹುದು. ಬಣ್ಣ ಬೇರೆಯಾಗಿರುವುದು ದೋಷವಲ್ಲ. ಮೊದಲಿನದರ ಜತೆ ಅದಕ್ಕೆ ಕೊಂಡಿಯಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ರಘು ದೀಕ್ಷಿತರ ಎರಡು ಆಲ್ಬಂಗಳ ನಡುವಿನ ಕೊಂಡಿ ಷರೀಫರು. ಆ ಎಳೆಗಳು ನನ್ನ ಕಿವಿಗೆ ಗಟ್ಟಿಯಾಗಿಯೇ ಕಂಡಿವೆ. ಮೊದಲ ಆಲ್ಬಂ ನನಗೂ ಹೆಚ್ಚು ಆಪ್ತ. ಆದರೆ ಎರಡನೆಯದನ್ನು ಕೇಳಿದ ಮೇಲೆ ಮೊದಲನೆಯದರಲ್ಲಿ ಷರೀಫರ ಪಾಲು ಎಷ್ಟಿತ್ತೆಂಬುದು ಹೆಚ್ಚು ಸ್ಪಷ್ಟವಾಯಿತು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಕೇಳುಗನಿಗೆ ಇಷ್ಟೆಲ್ಲ ಕರ್ತವ್ಯ ಹೇರುವುದೇಕೆ? ಹಣ ಕೊಟ್ಟು ಊಟಕ್ಕೆ ಕೂತವನು ಅಡುಗೆಯವನ ಕಷ್ಟ ವಿಚಾರಿಸಬೇಕೆ? ಹಾಡು ಹಿಡಿಸಲಿಲ್ಲ ಎಂದರೆ ಹಿಡಿಸಲಿಲ್ಲ, ಅಷ್ಟೇ. ಈ ಮಾತಿನಲ್ಲಿ ಸತ್ಯವಿದೆ. ಕನ್ನಡದ್ದು ಎಂಬ ಒಂದೇ ಕಾರಣಕ್ಕೆ ಕೆಟ್ಟ ಹಾಡನ್ನು ಹೊಗಳುವುದು ಕನ್ನಡಕ್ಕೂ ಒಳ್ಳೆಯದಲ್ಲ, ಹಾಡಿಗೂ ಒಳ್ಳೆಯದಲ್ಲ. ಕರುಣೆಯ ಚಪ್ಪಾಳೆ ಯಾವ ಸಂಗೀತಗಾರನನ್ನೂ ಬೆಳೆಸಿಲ್ಲ. ನಾನು ಕೇಳುತ್ತಿರುವುದು ಹೊಗಳಿಕೆಯನ್ನಲ್ಲ, ಹಾಜರಿಯನ್ನು. ತೀರ್ಪು ಕೊಡುವ ಮೊದಲು ಆಲ್ಬಂ ಅನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಕೇಳಬೇಕು. ಹಿಡಿಸದಿದ್ದರೆ ಏನು ಹಿಡಿಸಲಿಲ್ಲ ಎಂದು ಒಂದು ವಾಕ್ಯದಲ್ಲಾದರೂ ಹೇಳಬೇಕು. ಎರಡೂ ಸೇರಿ ಎರಡು ಗಂಟೆಯ ಕೆಲಸ.

ಇದರಿಂದ ಉಳಿಯುವುದೇನು ಎಂದರೆ, ಒಂದು ಪರಂಪರೆ. ಕನ್ನಡದಲ್ಲಿ ಸಿನಿಮೇತರ ಹಾಡಿನ ಹೊಳೆ ಹಿಂದೊಮ್ಮೆ ತುಂಬಿ ಹರಿದದ್ದು ಭಾವಗೀತೆಯ ಕ್ಯಾಸೆಟ್ಟುಗಳ ಕಾಲದಲ್ಲಿ. ಆಗ ಒಬ್ಬೊಬ್ಬ ಗಾಯಕನಿಂದ ಒಂದರ ಹಿಂದೊಂದು ಕ್ಯಾಸೆಟ್ ಬರುತ್ತಿತ್ತು. ಒಂದು ಮಂಕಾದರೆ ಮುಂದಿನದಕ್ಕೆ ಅವಕಾಶವಿತ್ತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಕಿಕ್ಕಿರಿದ ಜನ ಒಂದೇ ಕ್ಯಾಸೆಟ್ಟಿನ ಅಭಿಮಾನಿಗಳಾಗಿರಲಿಲ್ಲ. ದಶಕಗಳ ಕಾಲ, ಹಲವು ಕ್ಯಾಸೆಟ್ಟುಗಳ ಮೂಲಕ ಬೆಳೆದ ಬಳಗ ಅದು. ಇಂದಿನ ತಂಡಗಳಿಗೆ ಆ ಸಾಲು ಸಿಕ್ಕಿಲ್ಲ. ಮೊದಲ ಆಲ್ಬಂ ಗೆದ್ದೊಡನೆ ಸಿನಿಮಾ ಕೈ ಬೀಸಿ ಕರೆಯುತ್ತದೆ. ಅಲ್ಲಿ ದುಡ್ಡಿದೆ, ಕೇಳುಗರಿದ್ದಾರೆ, ಹಾಡು ಸೋತರೆ ಆ ಸೋಲಿನಲ್ಲಿ ಚಿತ್ರಕ್ಕೂ ಪಾಲಿದೆ. ತನ್ನದೇ ಎರಡನೆಯ ಆಲ್ಬಂಗೆ ಕೈ ಹಾಕುವವನು ಇವೆಲ್ಲವನ್ನೂ ಬದಿಗಿಟ್ಟು ಬರಬೇಕು. ಬಂದವನಿಗೆ ಐದು ನಿಮಿಷ ಕೇಳಿ ‘ಮೊದಲಿನದೇ ಚೆನ್ನಾಗಿತ್ತು’ ಎಂದು ಹೇಳಿ ಕಳಿಸಿದರೆ ಮೂರನೆಯದಕ್ಕೆ ಅವನು ಏಕೆ ಬರುತ್ತಾನೆ? ಸ್ವರಾತ್ಮ ಬಂದಿತು. ಅದರ ಮೂರನೆಯ ಆಲ್ಬಂ 2018ರಲ್ಲಿ, ಎರಡನೆಯದಾದ ಆರು ವರ್ಷಗಳ ಮೇಲೆ. ಅಷ್ಟು ಹಟ ಎಲ್ಲರಲ್ಲೂ ಇರುವುದಿಲ್ಲ.

ನಮ್ಮ ಸಂಘಸಂಸ್ಥೆಗಳು, ಕಾಲೇಜುಗಳು, ಆಕಾಶವಾಣಿ ಮತ್ತು ಖಾಸಗಿ ಎಫ್.ಎಂ. ಕೇಂದ್ರಗಳು ಇದರಲ್ಲಿ ಮಾಡಬಹುದಾದದ್ದು ಸಾಕಷ್ಟಿದೆ. ರಾಜ್ಯೋತ್ಸವಕ್ಕೆ ತಂಡವೊಂದನ್ನು ಕರೆದಾಗ ಹೆಸರಾದ ನಾಲ್ಕು ಹಾಡುಗಳ ಜತೆಗೆ ಯಾರೂ ಕೇಳದ ಎರಡು ಹಾಡುಗಳನ್ನೂ ಹಾಡಿ ಎಂದು ಕೇಳಬಹುದು. ಬಾನುಲಿಯಲ್ಲಿ ವಾರಕ್ಕೊಂದು ಗಂಟೆಯನ್ನು ಒಂದೇ ಆಲ್ಬಂಗೆ, ಪೂರ್ತಿಯಾಗಿ, ಮೀಸಲಿಡಬಹುದು. ಪತ್ರಿಕೆಗಳು ಚಿತ್ರವಿಮರ್ಶೆಗೆ ಕೊಡುವ ಜಾಗದಲ್ಲಿ ಹತ್ತರಲ್ಲೊಂದು ಪಾಲನ್ನು ಸಿನಿಮೇತರ ಹಾಡುಗಳಿಗೆ ಕೊಡಬಹುದು. ಬಾಗಲಕೋಟೆ, ಹಾವೇರಿ, ಗದುಗಿನ ಭಜನಾ ಮೇಳಗಳನ್ನೂ ಬೆಂಗಳೂರಿನ ರಾಕ್ ತಂಡಗಳನ್ನೂ ಒಂದೇ ವೇದಿಕೆಗೆ ಕರೆದು ಒಂದೇ ಪದವನ್ನು ಇಬ್ಬರಿಂದಲೂ ಹಾಡಿಸಬಹುದು. ಸೊಲ್ಲಿಗೆ ಜಾಗ ಬಿಡುವುದು ಹೇಗೆಂದು ಒಬ್ಬರು ಕಲಿಸಲಿ, ಆ ಪದ ಲಂಡನ್ನಿನವರೆಗೆ ಹೋದದ್ದು ಹೇಗೆಂದು ಇನ್ನೊಬ್ಬರು ಹೇಳಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಉಳಿದದ್ದು ನಮ್ಮ ಪಾಲಿನದು. ಈ ವಾರಾಂತ್ಯದಲ್ಲಿ ನಿಮಗೆ ಪ್ರಿಯವಾದ ಯಾವುದಾದರೂ ಕನ್ನಡ ತಂಡದ ಎರಡನೆಯ ಆಲ್ಬಂ ಅನ್ನು ಹುಡುಕಿ ತೆಗೆಯಿರ. ಮೊದಲನೆಯದನ್ನು ಒಂದು ದಿನದ ಮಟ್ಟಿಗೆ ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಕೇಳಿ. ಹಿಡಿಸಿದರೆ ಇನ್ನೊಬ್ಬರಿಗೆ ಹೇಳಿ. ಹಿಡಿಸದಿದ್ದರೆ ಎಲ್ಲಿ ಎಳೆ ಬಿಟ್ಟಿತೆಂದು ಆ ತಂಡಕ್ಕೇ ತಿಳಿಸಿ. ಮೂರನೆಯ ಆಲ್ಬಂ ಕಟ್ಟುವ ಹೊತ್ತಿಗೆ ಅವರಿಗೆ ಬೇಕಾಗುವುದು ಆ ಮಾತು.